ಒಡಿಕತ್ತಿಯೂ ಕುಲುಮೆಯ ಕಾಯಕವೂ

ಮಾದಪ್ಪನ ದರ್ಶನಕ್ಕೆಂದು ಕೊಳ್ಳೇಗಾಲ, ಹನೂರುಗಳ ಮಾರ್ಗವಾಗಿ ಬೆಟ್ಟವನ್ನೇರುವ ತಾವು ಕಾಡಂಚಿನ ಸೋಲಿಗರ ಕೈಯಲ್ಲಿ ಮಚ್ಚನ್ನು ಕಂಡೇ ಇರುತ್ತೀರಿ. ಮುಳ್ಳುಪೊದೆಯನ್ನು ಸವರುವುದಕ್ಕೂ ಬಿದಿರನ್ನು ಕಡಿಯುವುದಕ್ಕೂ ಸೌದೆಯನ್ನು ಸೀಳುವುದಕ್ಕೂ ಅದೊಂದೇ ಸಾಧನ. ಅದನ್ನು ಯಾರೂ ಯುದ್ಧಾಯುಧವೆಂದು ಎಣಿಸುವುದಿಲ್ಲ. ಆದರೆ ಈ ಬೆಟ್ಟಸಾಲನ್ನು ಬಳಸಿ ಹರಿಯುವ ಕಾವೇರಿಯು ಹುಟ್ಟುವ ನಾಡಿನಲ್ಲಿ, ಎಂದರೆ ಕೊಡಗಿನಲ್ಲಿ, ಇಂಥದೇ ಕಾಡುಗತ್ತಿಯು ಕಾಲಕ್ರಮದಲ್ಲಿ ಸಮರದ ಕತ್ತಿಯಾಗಿ ಪರಿಣಮಿಸಿತೆಂಬುದಕ್ಕೆ ಅಲ್ಲಿಯ ಒಡಿಕತ್ತಿಯ ಆಕಾರವೇ ಸಾಕ್ಷಿಯಾಗಿದೆ.

ಈ ಕತ್ತಿಯ ವೃತ್ತಾಂತವು ನಮ್ಮ ಓದುಗರಿಗೆ ಪರಕೀಯವಾದುದಲ್ಲ. ಸುಮಾರು ಎರಡು ಶತಮಾನಗಳ ಕಾಲ, 1834ರವರೆಗೆ, ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರರ ಗದ್ದುಗೆಗಳನ್ನು ಮಡಿಕೇರಿಯಲ್ಲಿ ಇಂದಿಗೂ ಕಾಣಬಹುದು. ದೊಡ್ಡವೀರರಾಜೇಂದ್ರನು ಟಿಪ್ಪುವಿನ ಸೈನ್ಯದೊಡನೆ ಕಾದಿದ ಸಂಗತಿಗಳು, ಅವನೇ ಬರೆಯಿಸಿದ ‘ರಾಜೇಂದ್ರನಾಮೆ’ಯಲ್ಲಿ ವಿಸ್ತಾರವಾಗಿ ನಿರೂಪಿತವಾಗಿವೆ. ಕೋಟೆಗಳು, ಮುತ್ತಿಗೆಗಳು, ಸಂಧಿಗಳು ಎಲ್ಲವೂ ಇತಿಹಾಸವಾದವು. ಆದರೆ ಕತ್ತಿಯನ್ನು ಹಿಡಿದವನು ಇತಿಹಾಸವನ್ನು ಪ್ರವೇಶಿಸಿದಷ್ಟು ಸುಲಭವಾಗಿ ಅದನ್ನು ಮಾಡಿದವನು ಪ್ರವೇಶಿಸಲಿಲ್ಲ. ಬಡಗಿಯೊಬ್ಬನನ್ನು ಅವನ ಉಪಕರಣದೊಡನೆಯೇ ‘ಬಾಚಿಕಾಯಕದ ಬಸವಯ್ಯ’ನೆಂದು ಸ್ಮರಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಈ ಮೌನವು ಸ್ವಲ್ಪ ನೋವನ್ನುಂಟುಮಾಡುತ್ತದೆ.

ಕೊಡಗಿನಲ್ಲಿ ಬಡಗಿಯ ಮತ್ತು ಕಮ್ಮಾರನ ಕಸುಬುಗಳನ್ನು ವಂಶಪಾರಂಪರ್ಯವಾಗಿ ನಡೆಸಿಕೊಂಡು ಬಂದವರು ಐರಿ ಜನಾಂಗದವರು. ನೇಗಿಲಿನ ಕುಳ, ಗುದ್ದಲಿ, ಕುಡುಗೋಲುಗಳನ್ನು ಬಡಿಯುತ್ತಿದ್ದ ಕೈಗಳೇ ಒಡಿಕತ್ತಿಯನ್ನೂ ಬಡಿದವು. ಅದರ ಒಟ್ಟು ಉದ್ದ ಸುಮಾರು 2 ಅಡಿ. ಹಿಡಿಯ ಬಳಿ ಕಿರಿದಾಗಿ ಆರಂಭವಾಗುವ ಅಲಗು ಮುಂದೆ ಸಾಗಿದಂತೆ ಅಗಲವಾಗುತ್ತ ಒಳಮುಖವಾಗಿ ಬಾಗುತ್ತದೆ. ಹರಿತವಾದ ಬಾಯಿಯು ಬಾಗಿನ ಹೊರಬದಿಗಿರದೆ ಒಳಬದಿಗಿರುವುದೇ ಇದರ ವೈಶಿಷ್ಟ್ಯ. ಅಲಗಿನ ಭಾರವೆಲ್ಲ ಮುಂತುದಿಯ ಕಡೆಗಿರುವುದರಿಂದ ಬೀಸಿದ ಏಟಿಗೆ ಕೊಡಲಿಯ ಬಲವೂ, ಒಳಬಾಗಿನಿಂದಾಗಿ ತಗುಲಿದ ವಸ್ತುವು ಜಾರದೆ ಕೊಯ್ಯಲ್ಪಡುವುದರಿಂದ ಕುಡುಗೋಲಿನ ಗುಣವೂ ಏಕತ್ರ ಸೇರಿವೆ. ಕೈಯನ್ನು ಕಾಯುವ ಅಡ್ಡಪಟ್ಟಿ ಇದಕ್ಕಿಲ್ಲ. ಬದಲಾಗಿ ಹಿಡಿಯ ತುದಿಯು ಅಗಲವಾಗಿ ಅರಳಿಕೊಂಡಿದ್ದು, ಬೀಸಿದಾಗ ಕತ್ತಿಯು ಕೈಯಿಂದ ಕಳಚದಂತೆ ತಡೆಯುತ್ತದೆ. ಒರೆಯೂ ಇಲ್ಲ, ಸೊಂಟದ ಹಿಂಬದಿಯಲ್ಲಿ ‘ತೊಡಂಗ್’ ಎಂಬ ಹಿತ್ತಾಳೆಯ ಕೊಂಡಿಗೆ ಅದನ್ನು ಸಿಕ್ಕಿಸಿಕೊಳ್ಳುತ್ತಾರೆ. ಮುಂಬದಿಯಲ್ಲಿ ಚೇಲೆಯೊಳಗೆ ಸೆಕ್ಕಿಕೊಳ್ಳುವ ಪೀಚೆಕತ್ತಿಯಾದರೋ ಬೇರೆ. ಬೆಳ್ಳಿಯ ಕೆಲಸದ ಒರೆ, ಸರಪಳಿಗಳುಳ್ಳ ಚಿಕ್ಕ ಕಠಾರಿಯದು.

ಇಷ್ಟು ದೊಡ್ಡ ಅಲಗನ್ನು ಕೈಯಿಂದ ಬಡಿಯುವಲ್ಲಿ ಕಮ್ಮಾರನಿಗೆ ಒದಗುವ ಸಂದಿಗ್ಧವನ್ನು ತಾವು ಗಮನಿಸಬೇಕು. ಉಕ್ಕನ್ನು ಕೆಂಪೇರಿಸಿ, ಸುಮಾರು 800 ಡಿಗ್ರಿಗಳವರೆಗೆ ಕಾಯಿಸಿ, ಥಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಅದು ಕಠಿಣವಾಗುತ್ತದೆ, ಆದರೆ ಗಾಜಿನಂತೆ ಸಿಡಿಯುವ ಸ್ವಭಾವವನ್ನೂ ಪಡೆಯುತ್ತದೆ. ಹಾಗೆಯೇ ಬಿಟ್ಟರೆ ಮೊದಲ ಏಟಿಗೇ ಮುರಿದೀತು. ಆದ್ದರಿಂದ ಅದನ್ನು ಮತ್ತೆ ಮೆಲ್ಲನೆ ಕಾಯಿಸಬೇಕು. ಉಜ್ಜಿ ಬೆಳಗಿಸಿದ ಲೋಹದ ಮೇಲೆ ಮೊದಲು ಒಣಹುಲ್ಲಿನ ಹಳದಿ, ಅನಂತರ ಕಂದು, ನೇರಿಳೆ, ಕೊನೆಗೆ ನೀಲಿ ಬಣ್ಣಗಳು ಒಂದರ ಹಿಂದೊಂದು ಹರಿದುಬರುತ್ತವೆ. ಹಳದಿಯು ಸುಮಾರು 230 ಡಿಗ್ರಿಗಳಲ್ಲಿ, ನೀಲಿಯು 300ರ ಸಮೀಪದಲ್ಲಿ ಮೂಡುತ್ತದೆ. ಯಾವ ಬಣ್ಣಕ್ಕೆ ನಿಲ್ಲಿಸಬೇಕೆಂಬುದೇ ವಿದ್ಯೆ. ಒಂದು ಗಳಿಗೆ ತಡವಾದರೆ ಬಾಯಿ ಮೆದುವಾಗಿ ಮಡಿಯುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಕುಲುಮೆಯ ಮಬ್ಬುಬೆಳಕಿನಲ್ಲಿ ಕುಳಿತು ಕಣ್ಣಿನಿಂದಲೇ ಇದನ್ನು ನಿರ್ಣಯಿಸುತ್ತಿದ್ದವನನ್ನು ‘ಅವಿದ್ಯಾವಂತ’ನೆಂದು ಕರೆಯುವ ರೂಢಿ ನಮ್ಮ ವಿದ್ಯಾವಂತರಲ್ಲಿತ್ತು. ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ನಾವೂ ಆ ದೋಷಕ್ಕೆ ಹೊರತಲ್ಲ.

ಉಕ್ಕಿನ ಮಾತು ಬಂದುದರಿಂದ ನಮ್ಮ ಸೀಮೆಗೆ ಹಿಂದಿರುಗಬಹುದು. 1956ರವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ಅದರ ನೆರೆಯ ಸೇಲಂ ಸೀಮೆಯು ಉಕ್ಕಿಗೆ ಹೆಸರಾಗಿತ್ತು. ಅಲ್ಲಿ ಕಬ್ಬಿಣದ ತುಂಡುಗಳನ್ನು ತಂಗಡಿಯ ಒಣಕಟ್ಟಿಗೆಯೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಮೇಲೆ ಎಕ್ಕದ ಎಲೆಯನ್ನು ಹೊದಿಸಿ, ಬಾಯನ್ನು ಮೆತ್ತಿ ಕಾಯಿಸುತ್ತಿದ್ದರು. ಮೈಸೂರು ದೇಶದ ಮಾಗಡಿಯ ಕಡೆಯಲ್ಲಿಯೂ ಉಕ್ಕು ಮಾಡುತ್ತಿದ್ದುದನ್ನು ಬುಕಾನನ್ ತನ್ನ 1800-01ರ ಪ್ರವಾಸದಲ್ಲಿ ದಾಖಲಿಸಿದ್ದಾನೆ. ನಮ್ಮ ‘ಉಕ್ಕು’ ಇಂಗ್ಲಿಷರ ಕಿವಿಯಲ್ಲಿ ‘ವೂಟ್ಸ್’ ಆಯಿತೆಂದು ವಿದ್ವಾಂಸರು ಊಹಿಸುತ್ತಾರೆ. 1819ರ ಸುಮಾರಿಗೆ ಮೈಕೇಲ್ ಫ್ಯಾರಡೆಯಂಥ ವಿಜ್ಞಾನಿಯು ಲಂಡನ್ನಿನಲ್ಲಿ ಅದರ ಗುಟ್ಟನ್ನು ಶೋಧಿಸುತ್ತ ಕುಳಿತಿದ್ದನು. ಮೂಸೆಯ ಮುಂದೆ ಕುಳಿತವರಿಗೆ ಆ ಸುದ್ದಿ ತಲುಪಿರಲಾರದು.

1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪನಿಯ ವಶವಾಯಿತು. 1857ರ ಸಂಗ್ರಾಮದ ತರುವಾಯ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ಬಂದಾಗ, 1861ರ ಫೆಬ್ರವರಿಯಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡವರಿಗೆ ಅದರಿಂದ ವಿನಾಯಿತಿಯನ್ನಿತ್ತನು. ಪರರಾಜನಿಗೆ ತೋರಿದ ನಿಷ್ಠೆಗೆ ದೊರೆತ ಈ ಮನ್ನಣೆಯನ್ನು ಹೇಗೆ ಬಗೆಯಬೇಕೆಂಬುದು ಬೇರೆ ಪ್ರಶ್ನೆ. ಇತರೆಡೆ ವಸ್ತುಸಂಗ್ರಹಾಲಯಗಳನ್ನು ಸೇರಿದಂಥ ಕತ್ತಿಯು ಅಲ್ಲಿ ಮನೆಯಲ್ಲಿಯೇ ಉಳಿಯಿತೆಂಬುದಂತೂ ನಿಜ. ಕೋವಿಯನ್ನೂ ಒಳಗೊಂಡ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು.

ಇಂದು ಒಡಿಕತ್ತಿಗೆ ರಣರಂಗವಿಲ್ಲ. ಬತ್ತದ ನಾಟಿಯು ಮುಗಿದ ಮೇಲೆ, ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಅದನ್ನು ತೊಳೆದು, ಕೋವಿಯೊಡನಿಟ್ಟು, ತೋಕ್‌ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಮದುವೆಯಲ್ಲಿ ನೆಟ್ಟ ಬಾಳೆಯ ದಿಂಡುಗಳನ್ನು ಒಂದೊಂದೇ ಏಟಿಗೆ ಕಡಿದುರುಳಿಸುತ್ತಾರೆ. ಬಾಳೆಯ ರಸವು ಉಕ್ಕಿಗೆ ಬಲುಬೇಗ ಕಲೆಯನ್ನು ಹಿಡಿಸುವುದರಿಂದ, ಮಂಟಪದ ಸಡಗರ ಇಳಿದ ಮೇಲೆ ಆ ಅಲಗನ್ನು ಒರೆಸಿ, ಎಣ್ಣೆ ಸವರಿ, ಬಾಯಿ ಮೊಂಡಾಗಿದ್ದರೆ ಸಾಣೆಗೆ ಕಳುಹಿಸಬೇಕಾಗುತ್ತದೆ.