ಬೈಸಿಕಲ್ ಚೌಕಟ್ಟಿನ ದಾರ್ಢ್ಯವೂ ಮಲೆನಾಡಿನ ಏರುದಾರಿಯೂ

ವಾಹನಗಳ ಚರಿತ್ರೆಯಲ್ಲಿ ವೇಗವನ್ನೇ ಪ್ರಗತಿಯ ಅಳತೆಗೋಲೆಂದು ಭಾವಿಸುವ ವಾಡಿಕೆಯುಂಟು. ಬೈಸಿಕಲ್ಲಿನ ಚೌಕಟ್ಟು ಬಾಗದಿದ್ದಷ್ಟೂ ವೇಗ ಹೆಚ್ಚುವುದೆಂಬ ನಂಬಿಕೆಯೂ ಈ ಬಗೆಯದೇ. ಸಕಲೇಶಪುರ ತಾಲ್ಲೂಕಿನ ಯಸಳೂರು ಸೀಮೆಯ ಕಾಫಿತೋಟಗಳ ನಡುವಣ ಏರಿಳಿತದ ದಾರಿಗಳನ್ನು ಮುಂದಿಟ್ಟುಕೊಂಡು ಈ ನಂಬಿಕೆಯನ್ನು ನಾವಿಲ್ಲಿ ಪರಿಶೀಲಿಸಬಯಸುತ್ತೇವೆ.

1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿಯು ರೋವರ್ ಬೈಸಿಕಲ್ಲನ್ನು ಹೊರತಂದನು. ಕೆಲವೇ ವರ್ಷಗಳಲ್ಲಿ ವಜ್ರಾಕೃತಿಯ ಚೌಕಟ್ಟು ರೂಢಿಗೆ ಬಂದಿತು. ತ್ರಿಕೋನವು ಸುಲಭವಾಗಿ ಆಕಾರಗೆಡದಾದುದರಿಂದ ತೆಳುವಾದ ಕೊಳವೆಗಳಿಂದಲೇ ದಾರ್ಢ್ಯವು ಸಿದ್ಧಿಸಿತು. ಭಾರತದಲ್ಲಿ 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನದ ಹೀರೋ ಮೊದಲಾದ ಸಂಸ್ಥೆಗಳು ಹುಟ್ಟಿದ ಬಳಿಕ ಬೈಸಿಕಲ್ಲು ಜನಸಾಮಾನ್ಯರ ವಾಹನವಾಯಿತು. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಕ್ಕಿಯ ಮೂಟೆಗಳನ್ನು ಅದು ಹೊರಬೇಕಾಯಿತು. ಹೊರೆಯಡಿಯಲ್ಲಿ ಚೌಕಟ್ಟು ತಿರುಚಿದರೆ ಹ್ಯಾಂಡಲು ಹೊಯ್ದಾಡುವುದು. ಆದುದರಿಂದಲೇ ಮೇಲ್ಭಾಗದಲ್ಲಿ ಜೋಡಿ ಕೊಳವೆಯುಳ್ಳ ಚೌಕಟ್ಟುಗಳೂ ಬಳಕೆಗೆ ಬಂದುವು. ಇಲ್ಲಿ ದಾರ್ಢ್ಯದ ಪ್ರಯೋಜನ ಭಾರವಹನವೇ ಹೊರತು ವೇಗವಲ್ಲ.

ವೇಗದ ಮಾತನ್ನು ಲೆಕ್ಕದಿಂದ ನೋಡೋಣ. 200 ನ್ಯೂಟನ್ ಒತ್ತಡಕ್ಕೆ ಚೌಕಟ್ಟು 4 ಮಿಲಿಮೀಟರ್ ಬಾಗಿದರೆ ಅದರಲ್ಲಿ ಸಂಚಯವಾಗುವ ಶಕ್ತಿ 0.4 ಜೂಲ್. ಆ ತುಳಿತದ ಒಟ್ಟು ದುಡಿಮೆಯಾದರೋ 60 ಜೂಲಿನಷ್ಟಾಗಬಹುದು. ನೂರರಲ್ಲಿ ಒಂದಕ್ಕಿಂತ ಕಡಿಮೆಯಾದ ಈ ಪಾಲು ಸಹ, ಬಾಗಿದ ಬಿಲ್ಲು ನೆಟ್ಟಗಾಗುವಂತೆ, ಬಹುಮಟ್ಟಿಗೆ ಹಿಂದಿರುಗುವುದು. 1980ರ ದಶಕದಲ್ಲಿ ಐರ್ಲೆಂಡಿನ ಷಾನ್ ಕೆಲ್ಲಿಯು, ಬಾಗುವಿಕೆಗೆ ಹೆಸರಾಗಿದ್ದ ವಿಟಸ್ ಅಲ್ಯೂಮಿನಿಯಂ ಚೌಕಟ್ಟನ್ನೇರಿಯೇ ಯೂರೋಪಿನ ಹಿರಿಯ ಸ್ಪರ್ಧೆಗಳನ್ನು ಗೆದ್ದುದು ಇದಕ್ಕೆ ನಿದರ್ಶನ.

ಇನ್ನು ತೂಕ. 40 ಕಿಲೋಗ್ರಾಂ ತೂಗುವ ಬಾಲಕಿಯೊಬ್ಬಳು 20 ಕಿಲೋಗ್ರಾಂ ಬೈಸಿಕಲ್ಲಿನೊಡನೆ 100 ಮೀಟರ್ ಎತ್ತರವನ್ನೇರಲು ಗುರುತ್ವದ ವಿರುದ್ಧ ಸುಮಾರು 58,800 ಜೂಲ್ ದುಡಿಯಬೇಕು. ಬೈಸಿಕಲ್ಲು 14 ಕಿಲೋಗ್ರಾಂ ಆದರೆ ಅದರಲ್ಲಿ ಹತ್ತನೆಯ ಒಂದು ಪಾಲು ಉಳಿಯುವುದು. ಗೇರುಗಳು ಈ ದುಡಿಮೆಯನ್ನು ತಗ್ಗಿಸಲಾರವು. ಆದರೆ ಪ್ರತಿಯೊಂದು ತುಳಿತಕ್ಕೂ ಬೇಕಾದ ಬಲವನ್ನು ತಗ್ಗಿಸಿ ಅವಳನ್ನು ಬೈಸಿಕಲ್ಲಿನ ಮೇಲೆಯೇ ಉಳಿಸಬಲ್ಲವು.

ಈ ವಿವೇಚನೆ ಕೇವಲ ಯಂತ್ರಶಾಸ್ತ್ರಕ್ಕೆ ಸಂಬಂಧಿಸಿದುದಲ್ಲ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಶಾಲೆಯ ದೂರವನ್ನು ಕುಗ್ಗಿಸುವ ಈ ಉದ್ದೇಶ ಶ್ಲಾಘನೀಯ. ಆದರೆ ಬಯಲುಸೀಮೆಯ ಸಮತಟ್ಟಾದ ದಾರಿಗೆ ಒಪ್ಪುವ ಒಂದೇ ಗೇರಿನ ಭಾರವಾದ ಬೈಸಿಕಲ್ಲು ಮಲೆನಾಡಿನ ಏರಿನಲ್ಲಿ ತಳ್ಳಿಕೊಂಡು ಹೋಗಬೇಕಾದ ಹೊರೆಯಾಗುವುದು. ಅಲ್ಲಿ ಮಗು ಹಿಂದೆಬೀಳುವುದು ಚೌಕಟ್ಟು ಬಾಗುವುದರಿಂದಲ್ಲ, ನೆಲವನ್ನು ನೋಡದೆ ವಾಹನವನ್ನು ಆರಿಸುವುದರಿಂದ. ವಾಹನದ ಚರಿತ್ರೆಯನ್ನು ಬರೆಯುವವರು ಕಾರ್ಖಾನೆಯ ದಾಖಲೆಗಳೊಡನೆ ದಾರಿಯ ಏರಿಳಿತವನ್ನೂ ಆಧಾರವಾಗಿ ಪರಿಗಣಿಸಬೇಕೆಂಬುದು ನಮ್ಮ ಅಭಿಪ್ರಾಯ.