ಕ್ರೀಡಾ ಗಾಯದ ನಂತರ ಯುವ ಕ್ರೀಡಾಪಟುವಿನಲ್ಲಿ ಆತ್ಮವಿಶ್ವಾಸ ಮೂಡಿಸುವಿಕೆ: ಪಾಲಕರು ಮತ್ತು ತರಬೇತುದಾರರಿಗೆ ಮಾಹಿತಿ

ಬಾಗಲಕೋಟೆ ಜಿಲ್ಲೆಯಲ್ಲಿ ಸೈಕ್ಲಿಂಗ್, ಕಬಡ್ಡಿ, ಕೊಕ್ಕೊ ಹಾಗೂ ಕುಸ್ತಿ ಕ್ರೀಡೆಗಳಲ್ಲಿ ಅನೇಕ ಮಕ್ಕಳು ತೊಡಗಿರುತ್ತಾರೆ. ಬಾದಾಮಿಯ ಮರಳುಗಲ್ಲಿನ ಬಂಡೆಗಳಲ್ಲಿ ಶಿಲಾರೋಹಣವೂ ನಡೆಯುತ್ತದೆ. ಬೀಳುವುದು ಈ ಎಲ್ಲ ಆಟಗಳ ಸಹಜ ಭಾಗ. ಆದರೆ ಒಮ್ಮೆ ತೀವ್ರವಾಗಿ ಗಾಯಗೊಂಡ ಮಗುವಿನ ಮೂಳೆ ಕೂಡಿದ ಬಳಿಕವೂ ಭಯ ಉಳಿಯುವುದುಂಟು. ಅಭ್ಯಾಸಕ್ಕೆ ನೆಪ ಹೇಳುವುದು, ನಿದ್ರೆಯಲ್ಲಿ ಬೆಚ್ಚಿಬೀಳುವುದು, ಗಾಯವಾದ ಕಾಲನ್ನು ಊರಲು ಹಿಂಜರಿಯುವುದು ಇದರ ಲಕ್ಷಣಗಳು. ಇದನ್ನು ಸೋಮಾರಿತನವೆಂದು ಭಾವಿಸಬಾರದು. ಹೆದರಿ ಬಿಗಿಹಿಡಿದ ದೇಹವು ಸರಿಯಾಗಿ ಚಲಿಸದ ಕಾರಣ ಮತ್ತೆ ಗಾಯವಾಗುವ ಸಂಭವವೂ ಇರುತ್ತದೆ.

ಮೊದಲು ವೈದ್ಯರಿಂದ ಗಾಯದ ಸ್ಥಿತಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಮೊಣಕಾಲಿನ ಎಸಿಎಲ್ ಶಸ್ತ್ರಚಿಕಿತ್ಸೆಯಾದವರು ಕನಿಷ್ಠ 9 ತಿಂಗಳು ಸ್ಪರ್ಧೆಗೆ ಮರಳಬಾರದೆಂಬುದು ಸಾಮಾನ್ಯ ವೈದ್ಯಕೀಯ ಸಲಹೆ. ತಲೆಗೆ ಪೆಟ್ಟಾದ ದಿನ ಮಗುವನ್ನು ಮರಳಿ ಆಡಿಸಲೇಬಾರದು. 24ರಿಂದ 48 ಗಂಟೆಗಳ ವಿಶ್ರಾಂತಿಯ ನಂತರ ಲಘು ಚಟುವಟಿಕೆ ಆರಂಭಿಸಬಹುದು; ಮೈ ತಾಗುವ ಆಟಕ್ಕೆ ವೈದ್ಯರ ಅನುಮತಿ ಅವಶ್ಯ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.

ಭಯವು ಉಪದೇಶದಿಂದ ಹೋಗುವುದಿಲ್ಲ, ಸಣ್ಣ ಸಣ್ಣ ಯಶಸ್ಸುಗಳಿಂದ ಕರಗುತ್ತದೆ. ರಸ್ತೆಯಲ್ಲಿ ಬಿದ್ದ ಸೈಕ್ಲಿಸ್ಟ್ ಮೊದಲು ಮನೆಯೊಳಗೆ ಸ್ಥಿರ ಸೈಕಲ್ ತುಳಿಯಲಿ. ಅನಂತರ ಖಾಲಿ ಮೈದಾನದಲ್ಲಿ ಒಂಟಿಯಾಗಿ, ಬಳಿಕ ಒಬ್ಬ ಗೆಳೆಯನೊಡನೆ ಸವಾರಿ ಮಾಡಲಿ. ಗುಂಪಿನಲ್ಲಿ ಚಕ್ರಕ್ಕೆ ಚಕ್ರ ಹತ್ತಿರವಾಗಿ ಓಡಿಸುವುದು ಕಡೆಯ ಹಂತ. ಕಬಡ್ಡಿ ಆಟಗಾರ್ತಿಯು ಮ್ಯಾಟ್ ಮೇಲೆ ಬೀಳುವ ಕ್ರಮವನ್ನು ಮತ್ತೊಮ್ಮೆ ಕಲಿತು, ಒಬ್ಬಳೇ ಎದುರಾಳಿಯ ಮೃದು ಹಿಡಿತದಿಂದ ಆರಂಭಿಸಬಹುದು. ಶಿಲಾರೋಹಿಯು ಮೇಲಿನಿಂದ ಕಟ್ಟಿದ ಹಗ್ಗದ ಆಸರೆಯಲ್ಲಿ ಹತ್ತಿ, ಬೇಕೆಂದೇ ಗೇಣಿನಷ್ಟು ಜಾರಿ ಹಗ್ಗ ತನ್ನನ್ನು ತಡೆಯುವುದನ್ನು ಅನುಭವಿಸಬೇಕು. ಮುಂದಿನ ಹಂತಕ್ಕೆ ಯಾವಾಗ ಹೋಗಬೇಕೆಂಬುದನ್ನು ಮಗುವೇ ಹೇಳಲಿ. “ಇಂದು ಇಷ್ಟು ಸಾಕು” ಎನ್ನುವ ಸ್ವಾತಂತ್ರ್ಯವಿದ್ದರೆ ಮಗು ಮರುದಿನ ತಾನಾಗಿಯೇ ಮೈದಾನಕ್ಕೆ ಬರುತ್ತದೆ.

2002ರಲ್ಲಿ ಆಂಟಿಗುವಾ ಟೆಸ್ಟ್‌ನಲ್ಲಿ ಶ್ರೀ ಅನಿಲ್ ಕುಂಬ್ಳೆಯವರು ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬೌಲ್ ಮಾಡಿದ್ದನ್ನು ಮಕ್ಕಳಿಗೆ ಪದೇಪದೇ ಹೇಳಲಾಗುತ್ತದೆ. ಅದು ಅನುಭವಿ ಆಟಗಾರನೊಬ್ಬನ ಸ್ವಂತ ನಿರ್ಧಾರ; ಹದಿನಾಲ್ಕರ ಬಾಲಕನಿಗೆ ಅಳತೆಗೋಲಲ್ಲ. ಮೈಸೂರಿನ ಶ್ರೀ ಜಾವಗಲ್ ಶ್ರೀನಾಥ್ ಅವರ ಉದಾಹರಣೆ ಹೆಚ್ಚು ಸೂಕ್ತ. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಆಟದಿಂದ ದೂರ ಉಳಿದ ಅವರು, 1999ರ ಫೆಬ್ರುವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಪಡೆದರು.

ಗಾಯಗೊಂಡ ಮಗುವನ್ನು ತಂಡದಿಂದ ದೂರವಿಡದೆ ಅಂಕ ಬರೆಯುವ, ಸಮಯ ನೋಡುವ ಕೆಲಸ ವಹಿಸುವುದು ಒಳಿತು. ಆಟವನ್ನೇ ಬಿಡಲು ಮಗು ಬಯಸಿದಲ್ಲಿ, ಅದು ಭಯದ ಮಾತೋ ನಿಜವಾದ ಇಚ್ಛೆಯೋ ಎಂಬುದನ್ನು ಸಾವಧಾನವಾಗಿ ಅರಿತು, ಎರಡನೆಯದಾದರೆ ಗೌರವಿಸಬೇಕು.

ದೊರೆಯುವ ಸೇವೆಗಳು

ಭಯ, ನಿದ್ರಾಹೀನತೆ ಕೆಲವು ವಾರಗಳ ನಂತರವೂ ಮುಂದುವರಿದಲ್ಲಿ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಅರ್ಜಿಯ ಅಗತ್ಯವಿಲ್ಲ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗದವರು ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿ ಹೋಗುವುದು ಸೂಕ್ತ. ವಿಚಾರಿಸದೆ ಹೋದರೆ ದಿನದ ಕೂಲಿ ವ್ಯರ್ಥವಾದೀತು.

ಶಸ್ತ್ರಚಿಕಿತ್ಸೆ ಅಗತ್ಯವಿದ್ದವರು ಅದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಿಂದ ತಿಳಿದುಕೊಳ್ಳತಕ್ಕದ್ದು. ಆಧಾರ್, ಪಡಿತರ ಚೀಟಿ, ಎಕ್ಸ್‌-ರೇ ಮತ್ತು ಹಿಂದಿನ ಚಿಕಿತ್ಸೆಯ ಚೀಟಿಗಳನ್ನು ಜೊತೆಗೆ ಒಯ್ಯಬೇಕು. ಕ್ರೀಡಾ ವಸತಿ ನಿಲಯದ ವಿದ್ಯಾರ್ಥಿಗಳ ಪಾಲಕರು ವೈದ್ಯಕೀಯ ಪ್ರಮಾಣಪತ್ರದ ನಕಲನ್ನು ತರಬೇತುದಾರರಿಗೆ ನೀಡಿ, ಮರಳಿ ಅಭ್ಯಾಸ ಆರಂಭಿಸುವ ಹಂತಗಳನ್ನು ಬರವಣಿಗೆಯಲ್ಲಿ ಪಡೆದಿಟ್ಟುಕೊಳ್ಳುವುದು.