ಹತ್ತರಿಂದಲೋ ಎಂಟರಿಂದಲೋ

ಒಂದೇ ತಕರಾರನ್ನು ಎರಡು ಸಲ ಕೇಳಿದವನು ನಾನು. 1999ರ ಮಳೆಗಾಲದಲ್ಲಿ ಧಾರವಾಡದ ಮೇಷ್ಟ್ರೊಬ್ಬರು ನಾನಿದ್ದ ಟೆಲಿಫೋನ್ ಎಕ್ಸ್‌ಚೇಂಜಿಗೆ ಬಂದು, ಕೊಡೆಯನ್ನೂ ಮಡಚದೆ ಕೇಳಿದ್ದರು: "ಐವತ್ತಾರರ ಮೋಡೆಮ್ ಅಂತ ರೊಕ್ಕಾ ಕೊಟ್ಟು ತಂದೀನ್ರಿ. ಪರದೆ ಮ್ಯಾಲೆ ನಾಕು, ಭಾಳ ಆದ್ರ ಐದು ತೋರಸ್ತೈತಿ. ಉಳಿದದ್ದು ಎಲ್ಲಿ ಹೋತು?" ನಾನು ನಿವೃತ್ತನಾಗಿ ಎಷ್ಟೋ ವರ್ಷವಾಯಿತು. ಮೊನ್ನೆ ನಮ್ಮ ಓಣಿಯ ಕಿರಾಣಿ ಅಂಗಡಿಯ ಹುಡುಗನದೂ ಅದೇ ರಾಗ: "ಕಾಕಾ, ಫೈಬರ್ ನೂರು ಅಂತಾರ. ಸಿನಿಮಾ ಇಳಸೂಮುಂದ ಹನ್ನೆರಡರ ಮ್ಯಾಲೆ ಏರೂದss ಇಲ್ಲ."

ಮಾರುವವರದು ಬಿಟ್ ಲೆಕ್ಕ, ಪರದೆಯದು ಬೈಟ್ ಲೆಕ್ಕ. ಎಂಟರಿಂದ ಭಾಗಿಸು ಎಂದೆ ಹುಡುಗನಿಗೆ. ಹನ್ನೆರಡೂವರೆ ಬಂತು, ಸುಮ್ಮನಾದ. ಮೇಷ್ಟ್ರಿಗೆ ಮಾತ್ರ ಅಂದು ಹತ್ತರಿಂದ ಭಾಗಿಸಿರಿ ಎಂದಿದ್ದೆ.

ಈ ಹತ್ತು ಬಂದದ್ದು ಟೆಲಿಪ್ರಿಂಟರಿನ ಕಾಲದಿಂದ. ಅಕ್ಷರ ಬರುತ್ತಿದೆ ಎಂದು ಆಚೆ ತುದಿಯ ಯಂತ್ರವನ್ನು ಮೊದಲು ಎಚ್ಚರಿಸಬೇಕು, ಮುಗಿಯಿತು ಎಂದು ಹೇಳಿ ನಿಲ್ಲಿಸಬೇಕು. ಹೀಗೆ ಎಂಟು ಬಿಟ್ಟಿನ ಪ್ರತಿ ಅಕ್ಷರಕ್ಕೂ ಮುಂದೊಂದು, ಹಿಂದೊಂದು ಬಿಟ್ ಕಾವಲು. ಅಮೆರಿಕದ ಬೆಲ್ 103 ಮೋಡೆಮ್ 1960ರ ದಶಕದಲ್ಲಿ ಸೆಕೆಂಡಿಗೆ 300 ಬಿಟ್ ಕಳಿಸುತ್ತಿತ್ತು, ಅಂದರೆ 30 ಅಕ್ಷರ. 2400ರ ಮೋಡೆಮ್ಮಿಗೆ 240. ಮುಂದೆ ವಿ.42 ಎಂಬ ಕಟ್ಟಳೆ ಬಂದು, ಎರಡು ಮೋಡೆಮ್‌ಗಳ ನಡುವಿನ ದಾರಿಯಲ್ಲಿ ಈ ಕಾವಲಿನವರನ್ನು ಕಳಚಿಹಾಕಿತು. ಆದರೆ ಹತ್ತರಿಂದ ಭಾಗಿಸುವ ಚಟ ನಮ್ಮನ್ನು ಬಿಡಲಿಲ್ಲ. ಮೇಷ್ಟ್ರಿಗೂ ಅದೇ ಬಾಯಿಗೆ ಬಂದಿತ್ತು. ಅವರ ತೊಂದರೆಗೆ ಬಿಟ್-ಬೈಟ್ ಲೆಕ್ಕದ ಜೊತೆಗೆ ಇನ್ನೊಂದು ಕಾರಣ ನೆಲದಡಿ ಇತ್ತು: ಕಾಗದ ಸುತ್ತಿದ ಹಳೆಯ ತಾಮ್ರದ ಕೇಬಲ್, ಅದರ ಜಾಯಿಂಟಿಗೆ ಇಳಿದ ಮಳೆನೀರು.

'ಬಾಡ್' ಎಂಬ ಇನ್ನೊಂದು ಗೋಜಲೂ ಇತ್ತು. ಫ್ರೆಂಚ್ ತಂತಿ ಇಂಜಿನಿಯರ್ ಎಮಿಲ್ ಬೋಡೋ ಹೆಸರಿನ ಅಳತೆ ಅದು. ಸೆಕೆಂಡಿಗೆ ಸಂಕೇತ ಎಷ್ಟು ಸಲ ಬದಲಾಗುತ್ತದೆ ಎಂಬ ಎಣಿಕೆ. 300ರ ಮೋಡೆಮ್ಮಿನಲ್ಲಿ ಬಾಡೂ ಬಿಟ್ಟೂ ಒಂದೇ. 2400ರದ್ದರಲ್ಲಿ ಬಾಡ್ ಬರೀ 600, ಒಂದೊಂದು ಬದಲಾವಣೆಯ ಬೆನ್ನ ಮೇಲೆ ನಾಲ್ಕು ನಾಲ್ಕು ಬಿಟ್. ನಾವೆಲ್ಲ ಕೊನೆಯವರೆಗೂ 2400 ಬಾಡ್ ಎಂದೇ ಹೇಳಿದೆವು.

ನನಗೆ ಇಂದಿಗೂ ಸೋಜಿಗವೆನಿಸುವುದು 64ರ ಕಥೆ. ನಮ್ಮ ಮಗ್ಗುಲಿನ ಕಿತ್ತೂರಿನಲ್ಲಿ 1986ರಲ್ಲಿ ಕೇಂದ್ರ ಸರ್ಕಾರದ ಸಿ-ಡಾಟ್ ಸಂಸ್ಥೆಯ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಮೊಟ್ಟಮೊದಲು ಕೂತಿತು. ಅಂಥ ಡಿಜಿಟಲ್ ಎಕ್ಸ್‌ಚೇಂಜು ಮನುಷ್ಯರ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಒಂದೊಂದು ಅಳತೆಯನ್ನು 8 ಬಿಟ್ಟಿನಲ್ಲಿ ಬರೆದುಕೊಳ್ಳುತ್ತದೆ. ಗುಣಿಸಿದರೆ 64,000. ಅಂಥ 32 ಕಾಲುವೆ ಕೂಡಿಸಿದರೆ 2048 ಕಿಲೋಬಿಟ್‌ನ ಒಂದು ಇ-1. ಅದರಲ್ಲಿ ಮಾತಿಗೆ 30, ಮೇಲುಸ್ತುವಾರಿಗೆ 2. ಅಂಥ 63 ಇ-1ಗಳನ್ನು ಹೊತ್ತ ಬೆಳಕಿನ ಎಳೆಯ ಮೊದಲ ಮೆಟ್ಟಿಲೇ ಎಸ್‌ಟಿಎಂ-1, ಸೆಕೆಂಡಿಗೆ 155.52 ಮೆಗಾಬಿಟ್. 155 ಸರಿ, ಈ ಚಿಲ್ಲರೆ ಎಲ್ಲಿಂದ ಬಂತು? ಅದರ ಚೌಕಟ್ಟು 9 ಸಾಲು, ಸಾಲಿಗೆ 270 ಬೈಟು, ಕಳಿಸುವುದು ಸೆಕೆಂಡಿಗೆ 8000 ಸಲ. ಅದೇ 8000! ತಾಮ್ರ ಹೋಗಿ ಗಾಜು ಬಂದರೂ, ಬೆಳಕು ತಾಳ ಹಾಕುತ್ತಿದ್ದದ್ದು ಹಳೆಯ ಟೆಲಿಫೋನಿನ ದನಿಗೇ.

ಮೋಡೆಮ್ಮಿನದು ಉಲ್ಟಾ ಕೆಲಸ. ಕಂಪ್ಯೂಟರಿನ ಅಂಕೆಯನ್ನು ಕೀರಲು ದನಿ ಮಾಡಿ ತಂತಿಗೆ ಬಿಡುವುದು. ಟೆಸ್ಟ್ ಫೋನ್ ಕಿವಿಗೆ ಹಚ್ಚಿದರೆ ಜೀರುಂಡೆ ಮತ್ತು ಮಳೆ ಒಟ್ಟಿಗೆ ಕೇಳಿದ ಹಾಗೆ. ಎಕ್ಸ್‌ಚೇಂಜಿಗೆ ಅದೂ ಯಾರದೋ ಮಾತೇ; 9.6 ಕಿಲೋಬಿಟ್‌ನ ಸರಕಿಗೂ 64ರ ಇಡೀ ಕಾಲುವೆ ಬಿಟ್ಟುಕೊಡುತ್ತಿತ್ತು. ಒಂದು ರಾತ್ರಿಪಾಳಿಯಲ್ಲಿ ಹಳೆಯ ಟ್ರಂಕ್ ರಿಜಿಸ್ಟರಿನ ಹಿಂಬದಿಗೆ ಈ ಲೆಕ್ಕ ಹಾಕಿದ್ದೆ. ಒಂದು ಎಸ್‌ಟಿಎಂ-1ರಲ್ಲಿ 63ಕ್ಕೆ 30ರಂತೆ 1890 ಕರೆ. ಎಲ್ಲವೂ 9.6ರ ಮೋಡೆಮ್ಮೇ ಆದರೆ ಸಾಗುವ ನಿಜವಾದ ಸರಕು 18 ಮೆಗಾಬಿಟ್ ಚಿಲ್ಲರೆ. ಎಂಟೂವರೆ ಚೀಲ ಹಿಡಿಯುವ ಚಕ್ಕಡಿಯಲ್ಲಿ ಒಂದೇ ಚೀಲ ಹೇರಿದಂತೆ.

ಅಂಗಡಿಯ ಹುಡುಗನಿಗೆ ಇದೆಲ್ಲ ಬೇಡವಾಗಿತ್ತು. "ಕಾಕಾ, ನಿಮ್ಮ ಕಾಲದಾಗ ಸಿನಿಮಾ ಇಳೀತಿತ್ತೇನು?" ಎಂದ. ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಇಂಟರ್‌ನೆಟ್ ತೆರೆದಾಗ ವಿದ್ಯಾರ್ಥಿಗಳ ಖಾತೆಗೆ 500 ರೂಪಾಯಿ, ಸಿಗುತ್ತಿದ್ದದ್ದು 250 ಗಂಟೆ, ಅದೂ ಚಿತ್ರವಿಲ್ಲದ ಬರೀ ಅಕ್ಷರ. ಅವನ ಬಿಲ್ ಪುಸ್ತಕವನ್ನೇ ಎಳೆದುಕೊಂಡೆ. ಆಗಿನ ವೇಗ 9.6 ಕಿಲೋಬಿಟ್, ಹತ್ತರಿಂದ ಭಾಗಿಸಿದರೆ ಸೆಕೆಂಡಿಗೆ 960 ಅಕ್ಷರ. ಒಂದು ಗಿಗಾಬೈಟ್ ಸಿನಿಮಾಕ್ಕೆ 289 ಗಂಟೆ. ಅವನ ಫೈಬರಿನಲ್ಲಿ 80 ಸೆಕೆಂಡ್.

ಹುಡುಗ ಬಿಲ್ ಪುಸ್ತಕ ತಿರುಗಿಸಿಕೊಂಡು ನೋಡಿದ. "ಅಂದ್ರ ಇಂಟರ್‌ವಲ್ ಮುಗೀತಿತ್ತು, ಕ್ಲೈಮ್ಯಾಕ್ಸಿಗೆ ಗಂಟೆ ಸಾಲ್ತಿರಲಿಲ್ಲ" ಎಂದ.